ಬ್ರೇಕ್ ಆಯಿಲ್ ಕುಡಿಯುವ ಗಾಡಿ

"ಹಳೇ ಗಾಡಿ ಅಲ್ವಾ, ಆಯಿಲ್ ಕುಡಿಯುತ್ತೆ. ಎರಡು ವಾರಕ್ಕೊಂದು ಸಲ ಹಾಕ್ತಾ ಇರ್ತೀನಿ" ಅಂದರು ಓನರ್. ಇಂಜಿನ್ ಆಯಿಲ್ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಬ್ರೇಕ್ ಆಯಿಲ್!

ಬ್ರೇಕ್ ಆಯಿಲನ್ನು ಯಾವ ಗಾಡಿಯೂ ಕುಡಿಯುವುದಿಲ್ಲ. ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿಯುತ್ತದೆ, ಅದೂ ತಿಂಗಳುಗಟ್ಟಲೆ ಆದ ಮೇಲೆ. ಎರಡು ವಾರದಲ್ಲಿ ಒಂದು ಬೆರಳು ಇಳಿಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಗಾಡಿ 18 ವರ್ಷದ್ದು. ಎತ್ತಿ ನೋಡಿದರೆ ಹಿಂದಿನ ಬಲಗಡೆ ಟೈರಿನ ಒಳಮೈ ಒದ್ದೆ. ಡ್ರಮ್ ತೆಗೆದು, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎಬ್ಬಿಸಿದೆ. ಒಳಗಿಂದ ಆಯಿಲ್ ಬಳಬಳ ಇಳಿಯಿತು. ಅಲ್ಲಿ ಬರೀ ಪಸೆ ಇದ್ದಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೊಸ ಸಿಲಿಂಡರ್ ಹಾಕಿದೆ. ಆಯಿಲ್ ಕುಡಿದ ಬ್ರೇಕ್ ಶೂವನ್ನು ಒರೆಸಿ ಮತ್ತೆ ಹಾಕುವ ಹಾಗಿಲ್ಲ, ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಎರಡೂ ಕಡೆ ಬದಲಾಯಿಸಿದೆ.

ಪೆಡಲ್ ತುಳಿದು ತುಳಿದು ಪೈಪಿನೊಳಗಿನ ಏರ್ ತೆಗೆಯುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೆ. ಇದು ನಮ್ಮ ಮೇಸ್ತ್ರಿ ಕಲಿಸಿದ್ದು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದರ ಕೊನೆಯ ಭಾಗದ ತನಕ ದಿನಬಳಕೆಯಲ್ಲಿ ಪಿಸ್ಟನ್ನಿನ ರಬ್ಬರ್ ಸೀಲ್ ತಲುಪುವುದೇ ಇಲ್ಲ, ಹಳೆಯದಾದರೆ ಅಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲದ ತನಕ ತುಳಿದರೆ ಚೆನ್ನಾಗಿದ್ದ ಸೀಲ್ ಕೂಡ ಹರಿಯಬಹುದು. ಇಷ್ಟೆಲ್ಲ ಜಾಗ್ರತೆ ಮಾಡಿ, ಬೀಗುತ್ತಾ ಗಾಡಿ ಕಳಿಸಿದೆ.

ಹತ್ತೇ ದಿನಕ್ಕೆ ವಾಪಸ್ ಬಂತು. ಡಬ್ಬಿಯಲ್ಲಿ ಮತ್ತೆ ಒಂದು ಬೆರಳು ಕಡಿಮೆ.

ನಾಲ್ಕೂ ಚಕ್ರ ಒಣಗಿದೆ. ಹೋಸ್ ಪೈಪ್ ಮಡಚಿ ನೋಡಿದೆ, ಬಿರುಕಿಲ್ಲ. ಕಬ್ಬಿಣದ ಪೈಪಿನ ಉದ್ದಕ್ಕೂ ಬೆರಳು ಸವರಿದೆ, ತುಕ್ಕಿದೆ, ಒದ್ದೆ ಇಲ್ಲ. ಪೆಡಲ್ ಒತ್ತಿ ಹಿಡಿದು ಕೂತರೆ ಕಲ್ಲಿನ ಹಾಗೆ ನಿಲ್ಲುತ್ತಿದೆ, ಒಂಚೂರೂ ಇಳಿಯುತ್ತಿಲ್ಲ. ಪೆಡಲ್ ಇಷ್ಟು ಗಟ್ಟಿ ಇದೆ, ಮಾಸ್ಟರ್ ಸಿಲಿಂಡರ್ ಸರಿ ಇದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ಮೇಸ್ತ್ರಿ ಬಾನೆಟ್ ಒಳಗೆ ಒಂದೇ ಸಲ ಬಗ್ಗಿ ನೋಡಿ, "ಬೂಸ್ಟರ್ ಪೇಂಟ್ ಯಾಕೋ ಎದ್ದಿದೆ?" ಅಂದರು. ಬೂಸ್ಟರ್ ಅಂದರೆ ಪೆಡಲ್ ತುಳಿಯುವ ಕಾಲಿಗೆ ಬಲ ಕೊಡುವ ಭಾಗ. ಅದರ ಮೇಲೆ, ಮಾಸ್ಟರ್ ಸಿಲಿಂಡರ್ ಕೂರುವ ಜಾಗದ ಕೆಳಗೆ, ಅಂಗೈಯಷ್ಟು ಅಗಲ, ಕಪ್ಪು ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಹೀಗೇ ಏಳುತ್ತದೆ.

ಎರಡು ನಟ್ ಬಿಚ್ಚಿ ಸಿಲಿಂಡರನ್ನು ಅರ್ಧ ಇಂಚು ಮುಂದಕ್ಕೆ ಎಳೆದು, ಸಂದಿಯಲ್ಲಿ ಬೆರಳು ಹಾಕಿದೆ. ಬೆರಳು ಒದ್ದೆಯಾಗಿ ಬಂತು. ಅನುಮಾನವೇ ಬೇಡ ಅಂತ ಒಂದು ಹನಿ ನೀರಿನ ಲೋಟಕ್ಕೆ ಬಿಟ್ಟೆ. ಇಂಜಿನ್ ಆಯಿಲ್ ಆಗಿದ್ದರೆ ಮೇಲೆ ತೇಲುತ್ತಿತ್ತು. ಇದು ಕರಗಿಹೋಯಿತು. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲುಗಳಾದ ಡಾಟ್ 3, ಡಾಟ್ 4 ಎರಡೂ ನೀರಿನಲ್ಲಿ ಬೆರೆಯುತ್ತವೆ.

ಪೆಡಲ್ ಯಾಕೆ ಇಳಿಯಲಿಲ್ಲ ಅನ್ನುವುದು ಆಮೇಲೆ ತಲೆಗೆ ಹೋಯಿತು. ಒತ್ತಡ ಹಿಡಿಯುವ ಸೀಲುಗಳು ಮುಂದಿರುತ್ತವೆ, ಅವು ಚೆನ್ನಾಗಿದ್ದವು. ಹೋಗಿದ್ದು ಎಲ್ಲಕ್ಕಿಂತ ಹಿಂದಿನದು. ಅದರ ಕೆಲಸ ಡಬ್ಬಿಯಿಂದ ಇಳಿದ ಆಯಿಲ್ ಹೊರಗೆ ಹೋಗದ ಹಾಗೆ ತಡೆಯುವುದು ಮಾತ್ರ. ಅದು ಹರಿದರೂ ಡಬ್ಬಿಯಲ್ಲಿ ಆಯಿಲ್ ಇರುವ ತನಕ ಬ್ರೇಕ್ ಹಿಡಿಯುತ್ತಲೇ ಇರುತ್ತದೆ. ಸೋರಿದ್ದು ಬೂಸ್ಟರ್ ಒಳಗೆ ಸೇರಿಕೊಳ್ಳುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಬೂಸ್ಟರಿನಲ್ಲಿ ನಿಂತಿದ್ದನ್ನು ಸಿರಿಂಜಿನಲ್ಲಿ ಎಳೆದೆ. ಹೊಸ ಮಾಸ್ಟರ್ ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ, ಆಯಿಲ್ ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಪಿಸ್ಟನ್ ಒತ್ತಿ, ಆಮೇಲೆ ಗಾಡಿಗೆ ಕೂರಿಸಿದೆ. ಬೂಸ್ಟರಿನ ರಬ್ಬರ್ ಆಯಿಲಿಗೆ ಕೆಟ್ಟಿರಬಹುದು ಅಂತ ಭಯ ಇತ್ತು. ಇಂಜಿನ್ ಆಫ್ ಇರುವಾಗ ನಾಲ್ಕೈದು ಸಲ ತುಳಿದು, ಪೆಡಲ್ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದೆ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಜಾರಿತು. ಸದ್ಯ, ಬೂಸ್ಟರ್ ಬದುಕಿತ್ತು.

ಓನರಿಂದ ಪಾರ್ಟಿನ ದುಡ್ಡು ಮಾತ್ರ ತೆಗೆದುಕೊಂಡೆ. ಕೂಲಿ ಕೇಳಲು ಮನಸ್ಸು ಬರಲಿಲ್ಲ. ಆ ಎದ್ದ ಪೇಂಟನ್ನು ನಾನು ಮೊದಲ ದಿನವೇ ನೋಡಿ, ಹಳೇ ಗಾಡಿ ಅಲ್ವಾ ಅಂತ ಸುಮ್ನೆ ಬಿಟ್ಟಿದ್ದೆ.