ಬೂಟಿನ ಫೋಟೋ

ಮಗಳ ಮನೆಗೆಂದು ಲಾಸ್ ಏಂಜಲೀಸ್‌ಗೆ ಹೋದವರು ನೋಡುವುದನ್ನೆಲ್ಲ ಮೊದಲ ವಾರದಲ್ಲೇ ಮುಗಿಸಿದ್ದೆವು. ಹಾಲಿವುಡ್ ಫಲಕ, ಸಮುದ್ರ, ಮಾಲಿಬುವಿನ ವೆಂಕಟೇಶ್ವರ. "ಇನ್ನೇನಾದರೂ ಉಳಿದಿದೆಯಾ ಅಪ್ಪಾ?" ಎಂದು ಮಗಳು ಕೇಳಿದಾಗ "ಪಾಲಿ ಪೆವಿಲಿಯನ್" ಎಂದೆ. ಆ ಊರಲ್ಲೇ ಎಂಟು ವರ್ಷದಿಂದ ಇರುವ ಅಳಿಯ ಅದೆಲ್ಲಿದೆ ಎಂದು ಮೊಬೈಲಿನಲ್ಲಿ ಹುಡುಕಿದರು.

ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಂಗಳ ಅದು. ನಾವು ತಲುಪುವಾಗ ಸಂಜೆ ಏಳಾಗುತ್ತಿತ್ತು, ಬಾಗಿಲು ಹಾಕಿತ್ತು. ಬೇಸಗೆಯ ಬಿಸಿಲು ಮಾತ್ರ ಇನ್ನೂ ಇತ್ತು. ಹೊರಗೆ ಅಲ್ಲಿನ ತಂಡದ ಹಳೆಯ ಕೋಚ್ ಜಾನ್ ವುಡನ್ ಕಂಚಿನಲ್ಲಿ ನಿಂತಿದ್ದರು. ಸೂಟು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಪಂದ್ಯದುದ್ದಕ್ಕೂ ಅವರು ಆ ಸುರುಳಿಯನ್ನು ಬಿಡುತ್ತಿರಲಿಲ್ಲವಂತೆ. ನನ್ನ ಕೈಯಲ್ಲಿ ಸೀಟಿ ಇರುತ್ತಿತ್ತು, ಬಾಯಲ್ಲಿ ಬೈಗುಳ.

ನಾನು ಪದವಿ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಅದಕ್ಕೂ ಮೊದಲು ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್, ಅಂದರೆ ಚೆಂಡನ್ನು ಮುಂದೊಯ್ದು ಹಂಚುವವನು. ಕುಳ್ಳನಿಗೆ ಬೇರೆ ಜಾಗವೆಲ್ಲಿ? ನನ್ನ ತಂಡಗಳು ಸೆಮಿಫೈನಲ್‌ನಲ್ಲಿ ಸೋಲುವುದರಲ್ಲಿ ನಿಸ್ಸೀಮ. ಹಾಗಾಗಿ ವುಡನ್ ಬಗ್ಗೆ ಓದುವಾಗಲೆಲ್ಲ ನನ್ನ ಕಣ್ಣು ನಿಲ್ಲುತ್ತಿದ್ದುದು ಅವರ ಹತ್ತು ರಾಷ್ಟ್ರೀಯ ಪ್ರಶಸ್ತಿಗಳ ಮೇಲಲ್ಲ. 1948ರಲ್ಲಿ ಯುಸಿಎಲ್‌ಎಗೆ ಬಂದ ಮನುಷ್ಯನಿಗೆ ಮೊದಲ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ! ಆಮೇಲೆ ಸತತ 88 ಪಂದ್ಯಗಳ ಗೆಲುವು, ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿ, ಎಲ್ಲ ಬಂತು. ಅದಕ್ಕೂ ಹಿಂದೆ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಆಡುವಾಗ ಮೂರು ಸಲ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದ ಗಾರ್ಡ್ ಅವರು. ಎತ್ತರ ಐದು ಅಡಿ ಹತ್ತು ಅಂಗುಲ. ಆಟಗಾರನಾಗಿಯೂ ಕೋಚ್ ಆಗಿಯೂ ಬ್ಯಾಸ್ಕೆಟ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೊದಲಿಗ.

ಅವರ ಕಾಲುಚೀಲದ ಪಾಠ ನನಗೆ ಗೊತ್ತಾಗಿದ್ದು ನಿವೃತ್ತಿಯ ನಂತರ, ಅವರ ಶಿಷ್ಯ ಬಿಲ್ ವಾಲ್ಟನ್ ಅದನ್ನು ನಗುತ್ತಾ ವರ್ಣಿಸಿದ್ದ ವಿಡಿಯೋದಿಂದ. ಹೊಸ ಹುಡುಗರು ಮೊದಲ ದಿನ ಏನೋ ಮಹಾಮಂತ್ರ ಸಿಗುತ್ತದೆಂದು ಕಾದು ಕುಳಿತರೆ, ಮೇಷ್ಟ್ರು ಕಾಲುಚೀಲ ಹಾಕಿಕೊಳ್ಳುವುದನ್ನು ಹೇಳಿಕೊಟ್ಟರಂತೆ. ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ ಒಂದು ಸುಕ್ಕೂ ಉಳಿಯದ ಹಾಗೆ ಎಳೆದು ಸವರಬೇಕು. ಬೂಟು ಸಡಿಲ ಇರಬಾರದು, ಲೇಸನ್ನು ಒಂದೊಂದು ತೂತಿನಲ್ಲೂ ಬಿಗಿಯಬೇಕು. ಸುಕ್ಕಿದ್ದರೆ ಬೊಬ್ಬೆ, ಬೊಬ್ಬೆ ಬಂದರೆ ಅಭ್ಯಾಸ ತಪ್ಪುತ್ತದೆ. ವಾಲ್ಟನ್ ನಗುತ್ತಿದ್ದರು. ನಾನು ಮೊಬೈಲ್ ಕೆಳಗಿಟ್ಟೆ.

1998ರ ಅಂತರ ಕಾಲೇಜು ಪಂದ್ಯ, ಹುಡುಗಿಯರ ತಂಡ. ಕ್ರೀಡಾ ನಿಧಿಯಿಂದ ತರಿಸಿದ ಬೂಟುಗಳು ಹಿಂದಿನ ರಾತ್ರಿಯಷ್ಟೇ ಬಂದಿದ್ದವು. ನನ್ನ ಪಾಯಿಂಟ್ ಗಾರ್ಡ್‌ಗೆ ಸಿಕ್ಕಿದ್ದು ಒಂದು ಅಳತೆ ದೊಡ್ಡದು. "ಮುಂದಕ್ಕೆ ಹತ್ತಿ ತುರುಕು, ಸರಿಹೋಗುತ್ತದೆ" ಎಂದವನು ನಾನೇ. ಸಿಮೆಂಟ್ ಅಂಗಳ, ಮಧ್ಯಾಹ್ನದ ಕಾವು. ಮೊದಲರ್ಧ ಮುಗಿಯುವ ಮೊದಲೇ ಆಕೆ ಕಾಲೆಳೆಯತೊಡಗಿದಳು. "ಸಾರ್, ಆಗುತ್ತಿಲ್ಲ" ಎಂದು ಬೆಂಚಿನ ಕಡೆ ನೋಡಿದಳು. "ನಾಟಕ ಸಾಕು, ಆಡು" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಆಡಿದಳು. ಮೂರು ಅಂಕಗಳಿಂದ ಸೋತೆವು. ಆಮೇಲೆ ನಲ್ಲಿಯ ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚಿದಾಗ ಬಿಳಿ ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಗೆಳತಿಯೊಬ್ಬಳು ನೀರು ಹಾಕಿ ನೆನೆಸಿ ನೆನೆಸಿ ಬಿಡಿಸಿದಳು. ಚರ್ಮ ಅದರ ಜೊತೆಗೇ ಬಂತು. ಸ್ಕೋರ್ ಪುಸ್ತಕಕ್ಕೆ ಸಹಿ ಹಾಕುವ ನೆಪದಲ್ಲಿ ನಾನು ಅತ್ತ ಹೊರಟುಹೋದೆ.

ವುಡನ್ ಅವರ ಇನ್ನೊಂದು ಸಂಗತಿಯನ್ನು ಪ್ರತಿಮೆಯ ಮುಂದೆ ಅಳಿಯನಿಗೆ ಹೇಳಿದೆ. 1947ರಲ್ಲಿ ಅವರು ಇಂಡಿಯಾನಾ ರಾಜ್ಯದ ಸಣ್ಣದೊಂದು ಕಾಲೇಜಿನ ಕೋಚ್. ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು, ಆದರೆ ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿದ್ದ ಕಪ್ಪು ಹುಡುಗ ಕ್ಲಾರೆನ್ಸ್ ವಾಕರ್ ಒಬ್ಬನೇ, ಅವನೂ ಬದಲಿ ಆಟಗಾರ. ಅವನನ್ನು ಬಿಟ್ಟು ಹೋಗುವುದಿಲ್ಲವೆಂದು ವುಡನ್ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ನಿಯಮ ಸಡಿಲವಾಯಿತು, ವಾಕರ್ ಆಡಿದ. "ಗ್ರೇಟ್ ಅಲ್ಲವಾ ಮಾವ" ಎಂದರು ಅಳಿಯ. ಬೆಂಚಿನ ಕೊನೆಯ ಹುಡುಗನಿಗಾಗಿ ಪಂದ್ಯಾವಳಿಯನ್ನೇ ಬಿಟ್ಟವರ ಎದುರು, ತಂಡದ ಬೆನ್ನೆಲುಬಿನಂಥ ಹುಡುಗಿಗಾಗಿ ಐದು ನಿಮಿಷ ಬಿಡದ ನಾನು ಹೂಂಗುಟ್ಟಿದೆ.

ಆಕೆ ಈಗ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಪ್ರತಿ ಶಿಕ್ಷಕರ ದಿನಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. ಆ ಪಂದ್ಯದ ಮಾತು ಇಬ್ಬರೂ ಎತ್ತುವುದಿಲ್ಲ.

ಮಗಳು ಪ್ರತಿಮೆಯ ಪಕ್ಕ ನಿಲ್ಲಿ ಎಂದಳು, ನಿಂತೆ. ಆಮೇಲೆ ನಾನೇ ಬಗ್ಗಿ ಕಂಚಿನ ಬೂಟುಗಳದ್ದಷ್ಟೇ ಒಂದು ಫೋಟೋ ತೆಗೆದು ಆಕೆಗೆ ಕಳಿಸಿದೆ. ಊರಿನಲ್ಲಿ ಬೆಳಿಗ್ಗೆ ಏಳೂವರೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಿರಬೇಕು. ಆದರೂ ಉತ್ತರ ಬಂತು: "ಸಾರ್, ಯಾರಿವರು? ಮುಖ ತೆಗೆಯುವುದನ್ನೇ ಮರೆತಿದ್ದೀರಿ."

"ನಿನ್ನ ಹಿಮ್ಮಡಿ" ಎಂದು ಬರೆದು ಅಳಿಸಿದೆ. ಮತ್ತೆ ಬರೆದೆ. ಪಾರ್ಕಿಂಗ್ ಸಮಯ ಮುಗಿಯುತ್ತದೆಂದು ಅಳಿಯ ಕರೆಯುತ್ತಿದ್ದರು.