ಜೊತೆಗಾರರು ಸಿಗುವ ಬಗೆ

ಎಡಪಂಥೀಯ ಸಂಘಟನೆಗೆ ಇಳಿದ ಮೊದಲ ದಿನಗಳಲ್ಲಿ ನಾನು ಹುಡುಕುತ್ತಿದ್ದುದು ನನ್ನಂತೆಯೇ ಓದಿಕೊಂಡವರನ್ನು, ನನ್ನ ಪರಿಭಾಷೆಯಲ್ಲೇ ಮಾತನಾಡುವವರನ್ನು. ಅಂಥ ಐದಾರು ಮಂದಿ ಸಿಕ್ಕರು. ಸಂಜೆಗಳೆಲ್ಲ ವಾದದಲ್ಲೇ ಕಳೆದವು, ಕೆಲಸ ಮಾತ್ರ ಮುಂದೆ ಸಾಗಲಿಲ್ಲ.

ಒಂದು ದಿನ ಪಾಳಿ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಮೆಟ್ಟಿಲ ಮೇಲೆ ಕುಳಿತು, ಸಂಬಳದ ಚೀಟಿಯನ್ನು ಮೊಣಕಾಲ ಮೇಲೆ ಬಿಡಿಸಿಟ್ಟು, ಕಡಿತದ ಸಾಲುಗಳ ಮೇಲೆ ಬೆರಳಾಡಿಸುತ್ತ, "ನಿಮಗೂ ಹೀಗೇ ಆಗಿದೆಯೇ?" ಎಂದು ಕೇಳಿದರು. ನಮ್ಮ ಮೊದಲ ಸಭೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಜೊತೆಗೂಡಿ ಹೋರಾಡುತ್ತಲೇ ಮನಸ್ಸುಗಳು ಸಮಾನವಾಗುತ್ತವೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದೂ ಆಗಲೇ.

1984ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಲಂಡನ್ನಿನ ಸಲಿಂಗಿಗಳ ಗುಂಪೊಂದು ಚಂದಾ ಎತ್ತಿ ದಕ್ಷಿಣ ವೇಲ್ಸ್‌ನ ಗಣಿ ಕುಟುಂಬಗಳಿಗೆ ನೆರವಾಯಿತು. ಮುಷ್ಕರ ಸೋತಿತು, ಆದರೂ 1985ರಲ್ಲಿ ಲಂಡನ್ನಿನ ಸಲಿಂಗಿಗಳ ವಾರ್ಷಿಕ ಮೆರವಣಿಗೆಯಾದ 'ಪ್ರೈಡ್'ನ ಮುಂಚೂಣಿಯಲ್ಲಿ ಗಣಿಗಾರರು ತಮ್ಮ ಸಂಘದ ಬ್ಯಾನರ್ ಹಿಡಿದು ನಡೆದರು, ಮತ್ತು ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಹಕ್ಕುಗಳ ನಿರ್ಣಯಕ್ಕೆ ಗಣಿ ಕಾರ್ಮಿಕರ ಒಕ್ಕೂಟ ಮತ ನೀಡಿತು. ಈ ಘಟನೆಯನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ಈಗ ಹೊಸಬರು ಎದುರಾದಾಗ ಅವರ ಸಿದ್ಧಾಂತವೇನೆಂದು ನಾನು ಕೇಳುವುದಿಲ್ಲ. ದುಡಿಯುವ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡೇ ಏಳುತ್ತೇನೆ.