ಅಕ್ಕಿಗೆ ರೆಕ್ಕೆ ಇದೆ

ಬಿ.ಎಡ್‌ನಲ್ಲಿ ಮೈಕ್ರೋ ಟೀಚಿಂಗ್ ಅಂತ ಒಂದಿರತ್ತೆ, ಮಾಡಿರೋರಿಗೆ ಗೊತ್ತು. 6 ನಿಮಿಷ ಪಾಠ, 6 ನಿಮಿಷ ಫೀಡ್‌ಬ್ಯಾಕು, 12 ನಿಮಿಷ ಕೂತ್ಕೊಂಡು ಪಾಠ ತಿದ್ದೋದು, ಆಮೇಲೆ ಅದೇ ಪಾಠ ಇನ್ನೊಂದ್ಸಲ 6 ನಿಮಿಷ, ಮತ್ತೆ 6 ನಿಮಿಷ ಫೀಡ್‌ಬ್ಯಾಕು, ಒಟ್ಟು 36 ನಿಮಿಷ. ಮಕ್ಕಳಿರಲ್ಲ, ನಮ್ಮಲ್ಲೇ ಒಬ್ರು ಟೀಚರ್ರು, ಮಿಕ್ಕೋರೆಲ್ಲ ಮಕ್ಕಳು, ಒಬ್ರು ಶೀಟ್ ಹಿಡ್ಕೊಂಡು ಮಾರ್ಕ್ಸ್ ಹಾಕೋರು. ಹಾಸನದಲ್ಲಿ ನಾನು ಬಿ.ಎಡ್ ಮಾಡಿದ್ದು 2016ರಿಂದ 18, ಎರಡು ವರ್ಷದ ಕೋರ್ಸ್ ಆಗ್ಲೇ ಬಂದಿತ್ತು. ಒಂದಿನ ಹೊಳೆನರಸೀಪುರ ಕಡೆ ಹುಡುಗ ಒಬ್ಬ ಪ್ರಾಣಿ ಪಕ್ಷಿ ಪಾಠ ಮಾಡ್ತಾ ಚಾರ್ಟ್ ತೋರಿಸಿ "ಅಕ್ಕಿಗೆ ರೆಕ್ಕೆ ಇದೆ, ಅದಕ್ಕೇ ಅದು ಆರುತ್ತೆ" ಅಂದ. ಹಿಂದಿನ ಬೆಂಚಿಂದ "ಬಿಸ್ಲಲ್ ಹರವಿದ್ರೆ ಆರೇ ಆರುತ್ತೆ ಬಿಡಪ್ಪ" ಅಂತ ಒಂದು ಮಾತು ಬಂತು ನೋಡಿ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ತು.

ನಾನೂ ನಕ್ಕೆ. ಆವತ್ತು ಶೀಟ್ ನನ್ನ ಕೈಲಿತ್ತು, ಉಚ್ಚಾರಣೆ ಅಂತ ಇದ್ದ ಕಾಲಂನಲ್ಲಿ 5ಕ್ಕೆ 1 ಹಾಕ್ದೆ. ನಮ್ಮಜ್ಜಿ ಸಾಯೋ ತನಕ ಆಸ್ನ ಅಂತಾನೆ ಅಂದಿದ್ದು, ಒಂದು ದಿನಾನೂ ಬಾಯಲ್ಲಿ ಹಕಾರ ಬರ್ಲಿಲ್ಲ, ನಾನೂ ಮನೇಲಿ "ಆಲ್ ಕಾಯ್ಸು" ಅಂತಾನೆ ಹೇಳೋದು. ಆದ್ರೆ ಕಾಲೇಜ್ ಗೇಟ್ ಒಳಗೆ ಕಾಲಿಟ್ಟ ತಕ್ಷಣ ಹಾಲು. ಆ ಹುಡುಗ ಎರಡನೇ ರೌಂಡಲ್ಲಿ ಹಕ್ಕಿ ಬಿಟ್ಟು ಮೀನಿನ ಪಾಠ ತಗೊಂಡ. ಆಮೇಲೆ ಕೋರ್ಸ್ ಮುಗಿಯೋ ತನಕ ಸೆಮಿನಾರ್‌ನಲ್ಲಿ ಬಾಯೇ ಬಿಡ್ತಿರ್ಲಿಲ್ಲ.

ಅದೇ ಕಾಲಂನಲ್ಲಿ ಯಾವಾಗ್ಲೂ 5ಕ್ಕೆ 5 ತಗೋತಿದ್ದೋಳು ನನ್ನ ಪಕ್ಕ ಕೂರ್ತಿದ್ದ ಗೆಳತಿ. ಟಿವಿ ನ್ಯೂಸ್ ಓದೋರ ಥರ ಕನ್ನಡ, ಹ ಅಂದ್ರೆ ಹ, ಶ ಬೇರೆ ಷ ಬೇರೆ. ಯಾರ ಮನೆಯವಳೋ ಏನೋ ಅನ್ಕೊಂಡಿದ್ದೆ. ಒಂದಿನ ಬಸ್‌ಸ್ಟ್ಯಾಂಡಲ್ಲಿ ಬೇಲೂರು ಬಸ್ಸಿಗೆ ಕಾಯ್ತಿದ್ವಿ, ಅವಳಿಗೆ ಫೋನ್ ಬಂತು, ಅವಳು ಸ್ವಲ್ಪ ದೂರ ಹೋಗಿ ಕಂಬದ ಹಿಂದೆ ನಿಂತು ಮಾತಾಡಿದ್ಲು. ನಂಗೆ ಕೇಳಿಸ್ತು, ಹಿಂದಿನೂ ಅಲ್ಲ ಮರಾಠಿನೂ ಅಲ್ಲ. ಕೇಳಿದ್ದಕ್ಕೆ "ಮನೆ ಮಾತು" ಅಂದ್ಲು ಅಷ್ಟೆ. ಬಸ್ಸಲ್ಲಿ ಸೀಟು ಸಿಕ್ಕಿ ಕೂತ ಮೇಲೆ ಅವಳೇ ಹೇಳಿದ್ಲು, ನಾವು ಹಕ್ಕಿಪಿಕ್ಕಿಯವ್ರು ಕಣೇ, ಅದು ವಾಗ್ರಿ, ಕಾಲೇಜಲ್ಲಿ ಹೇಳ್ಬೇಡ ಅಂತ.

ಹಾಸನದೋರಿಗೆ ಹಕ್ಕಿಪಿಕ್ಕಿ ಬುಡಕಟ್ಟು ಅಂದ್ರೆ ಅಂಗಡಿಹಳ್ಳಿ ಕಾಲೋನಿ, ತಲೆಗೂದಲಿನ ಎಣ್ಣೆ, 2023ರಲ್ಲಿ ಸೂಡಾನ್ ಗಲಾಟೆಲಿ ಸಿಕ್ಕಾಕ್ಕೊಂಡು ನ್ಯೂಸಲ್ಲಿ ಬಂದೋರು, ಇಷ್ಟೇ. ವಾಗ್ರಿ ಗುಜರಾತಿಗೆ ಹತ್ತಿರದ ಭಾಷೆ ಅಂತ ನಂಗೂ ಆಮೇಲೆ ಗೊತ್ತಾಗಿದ್ದು. ಇವಳು ಕನ್ನಡ ಕಲ್ತಿದ್ದೇ ಸ್ಕೂಲಲ್ಲಿ, ಪುಸ್ತಕದಲ್ಲಿ ಹೆಂಗಿದ್ಯೋ ಹಂಗೆ, ಯಾರಿಗೂ ಗೊತ್ತಾಗ್ಬಾರ್ದು ಅಂತ ಇನ್ನೂ ಜಾಸ್ತಿ ನೀಟಾಗಿ. ಅಂದ್ರೆ ಮನೇಲಿ ಕನ್ನಡ ಮಾತಾಡೋ ಹುಡುಗನಿಗೆ ಕನ್ನಡ ಉಚ್ಚಾರಣೆಲಿ 1, ಮನೇಲಿ ಕನ್ನಡಾನೇ ಇಲ್ಲದೋಳಿಗೆ 5. ಒಂದೇ ಕಾಲಂ ಇಬ್ಬರ ಬಾಯಿನೂ ಮುಚ್ಚಿಸ್ತು.

ತಮಾಷೆ ಏನಂದ್ರೆ ಸಮನ್ವಯ ಶಿಕ್ಷಣ, ಅಂದ್ರೆ ಎಲ್ಲಾ ಥರದ ಮಕ್ಕಳನ್ನೂ ಒಂದೇ ಕ್ಲಾಸಲ್ಲಿ ಸೇರಿಸ್ಕೊಂಡು ಕಲಿಸೋದು, ನಮಗೆ ಪೇಪರ್ರೇ ಇತ್ತು. ಟೀಚರ್ ಟ್ರೈನಿಂಗ್ ನೋಡ್ಕೊಳ್ಳೋ ಎನ್‌ಸಿಟಿಇ ಮಂಡಳಿಯ ಕರಿಕ್ಯುಲಮ್ ಫ್ರೇಮ್‌ವರ್ಕ್‌ನಲ್ಲಿ ಅದು ಅರ್ಧ ಕೋರ್ಸು, ಅಂದ್ರೆ ಪೂರ್ತಿ ಪೇಪರ್ ಒಂದರ ಅರ್ಧ, ಹೌದು ನಿಜವಾಗ್ಲೂ ಅರ್ಧ. ಅದ್ರಲ್ಲೂ ಹೆಚ್ಚು ಪಾಲು ಪಟ್ಟಿ ಬಾಯಿಪಾಠ. ಹಳೇ 1995ರ ಕಾಯ್ದೆ ಪ್ರಕಾರ 7 ಥರ ಅಂಗವೈಕಲ್ಯ ಅಂತ ಬರ್ಕೊಂಡಿದ್ವಿ, ಅಷ್ಟರಲ್ಲಿ 2016ರ ಕಾಯ್ದೆ ಬಂದು 21 ಆಯ್ತು, 7 ಹೊಡೆದು 21 ಅಂತ ತಿದ್ಕೊಂಡ್ವಿ. ಆ ಕಾಯ್ದೆಲೇ ವಿಕಲಚೇತನರನ್ನ ಟೀಚರ್‌ಗಳಾಗಿ ತರಬೇತಿ ಕೊಟ್ಟು ನೇಮಿಸ್ಕೋಬೇಕು ಅಂತಾನೂ ಇದೆ, 17ನೇ ಸೆಕ್ಷನ್. ಅದು ನಮ್ಮ ನೋಟ್ಸಲ್ಲಿ ಬರ್ಲೇ ಇಲ್ಲ. ನೋಟ್ಸ್ ಪ್ರಕಾರ ಒಳಗೊಳ್ಳಬೇಕಾದೋರು ಅಂದ್ರೆ ಮಕ್ಕಳು, ಎಲ್ಲೋ ದೂರದ ಸ್ಕೂಲಲ್ಲಿ ಇರೋ ಮಕ್ಕಳು. ಬುಡಕಟ್ಟು ಮಕ್ಕಳ ಸಮಸ್ಯೆಗಳು ಅಂತ 10 ಪಾಯಿಂಟ್ ಬರೆಸಿದ ದಿನ ನನ್ನ ಗೆಳತಿ ಪಕ್ಕದಲ್ಲೇ ಕೂತು ದುಂಡಗಿನ ಅಕ್ಷರದಲ್ಲಿ ಬರ್ಕೊಂಡ್ಲು, "ಕೀಳರಿಮೆ" ಅನ್ನೋದಕ್ಕೆ ಕೆಂಪು ಪೆನ್ನಲ್ಲಿ ಅಂಡರ್‌ಲೈನ್ ಬೇರೆ. ನಾನು ಅವಳ ಕಡೆ ನೋಡೋಕ್ಕೂ ಹೋಗ್ಲಿಲ್ಲ.

ಸರಿ, ಕೆಲಸ ಆಯ್ತು, ಸಕಲೇಶಪುರ ಕಡೆ ಎಸ್ಟೇಟ್‌ಗಳ ಮಧ್ಯದ ಒಂದು ಸ್ಕೂಲು. ಜಿಪಿಟಿ, ಅಂದ್ರೆ ಪದವೀಧರ ಪ್ರಾಥಮಿಕ ಶಿಕ್ಷಕಿ ಅಂತ 6ರಿಂದ 8ಕ್ಕೆ ಬಂದೋಳು, ಚಿಕ್ಕ ಮಕ್ಕಳಿಗೆ ಕಾರ್ಡ್ ಹಿಡಿದು ಆಡ್ತಾ ಕಲಿಸೋ ನಲಿಕಲಿ ಟೀಚರ್ ಹೆರಿಗೆ ರಜೆ ಹೋದ್ರು ಅಂತ 1ರಿಂದ 3ನೇ ಕ್ಲಾಸಿಗೂ ನಾನೇ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಬಿಡಿಸೋ ಟೈಮಿಗೆ ಎಸ್ಟೇಟ್ ಕೂಲಿಯವರ ಲೈನ್ ಮನೆಗೆ ಹೊಸಬರು ಬರ್ತಾರೆ, ಮೊದ್ಲು ತಮಿಳಿನೋರು ಜಾಸ್ತಿ, ಈಗ ಅಸ್ಸಾಮಿನವರು. ಹಂಗೆ ಬಂದ ಒಬ್ಬ ಹುಡುಗ, 6 ವರ್ಷ. ಒಂದು ತಿಂಗಳು ಕ್ಲಾಸಲ್ಲಿ ಒಂದಕ್ಷರ ಮಾತಾಡ್ಲಿಲ್ಲ. ಮಿಕ್ಕೋರು ರ ಗ ಸ ದ ಅ ಅಂತ ಕಾರ್ಡ್ ಹಿಡ್ಕೊಂಡು ತಟ್ಟೆಯಿಂದ ತಟ್ಟೆಗೆ, ಅಂದ್ರೆ ಒಂದು ಗುಂಪಿಂದ ಇನ್ನೊಂದು ಗುಂಪಿಗೆ ಹೋಗ್ತಿದ್ರೆ ಇವನು ಗೋಡೆಗೆ ಒರಗಿಕೊಂಡು ಸ್ಲೇಟಲ್ಲಿ ಗೆರೆ ಎಳೀತಿದ್ದ, ಬರೀ ಗೆರೆ, ತುಂಬಿದ ಮೇಲೆ ಅಂಗೈಲಿ ಒರೆಸಿ ಮತ್ತೆ ಗೆರೆ. ನಾನು ಪ್ರಗತಿ ಪುಸ್ತಕದಲ್ಲಿ "ನಿಧಾನ ಕಲಿಕೆ, ಮಾತು ಇಲ್ಲ" ಅಂತ ಬರೆದು, ವಿಶೇಷ ಅಗತ್ಯದ ಮಕ್ಕಳನ್ನ ನೋಡ್ಕೊಳ್ಳೋ ಬ್ಲಾಕ್ ಮಟ್ಟದ ಟೀಚರ್, ಬಿಐಇಆರ್‌ಟಿ ಸರ್‌ಗೆ ಫೋನ್ ಮಾಡ್ದೆ. 21 ಬಾಯಿಪಾಠ ಮಾಡಿದ್ನಲ್ಲ, ಅದ್ರಲ್ಲಿ ಯಾವುದೋ ಒಂದು ಇರ್ಬೇಕು ಅಂತ.

ಸರ್ ಬಂದ್ರು, ಹಿಂದಿನಿಂದ ಚಪ್ಪಾಳೆ ತಟ್ಟಿದ್ರು, ತಿರುಗಿದ. ಚೆಂಡು ಎಸೆದ್ರು, ಹಿಡ್ದ. ಆಮೇಲೆ ನನ್ನ ಕಡೆ ನೋಡಿ ಕೇಳಿದ್ದು ಒಂದೇ, "ಮನೇಲಿ ಯಾವ ಭಾಷೆ ಮಾತಾಡ್ತಾರೆ ಅಂತ ಕೇಳಿದ್ರಾ ಮೇಡಂ?"

ಕೇಳಿರ್ಲಿಲ್ಲ. ಅಸ್ಸಾಂ ಅಂತ ರಿಜಿಸ್ಟರ್‌ನಲ್ಲಿ ಇತ್ತು, ಅಷ್ಟಕ್ಕೇ ನಿಲ್ಲಿಸಿದ್ದೆ. ಸಂಜೆ ಲೈನ್ ಮನೆ ಹತ್ರ ಹೋಗಿ ಅವರಮ್ಮನ್ನ ಕೇಳಿದ್ರೆ ಬಂಗಾಳಿ. ಮಾರನೇ ದಿನ ಮಧ್ಯಾಹ್ನ ಬಿಸಿಯೂಟಕ್ಕೆ ಸಾಲಲ್ಲಿ ನಿಂತಿದ್ದಾಗ ಅವನು ತಟ್ಟೆ ಚಾಚಿ ತುಂಬಾ ಮೆಲ್ಲಗೆ "ಭಾತ್" ಅಂದ. ಅಡುಗೆ ಅಕ್ಕ "ಬಾತ್ ಗೀತ್ ಏನಿಲ್ಲ ಮಗಾ, ಇವತ್ತು ಅನ್ನ ಸಾಂಬಾರೇಯ" ಅಂತ ಹಾಕಿದ್ರು. ಅವನು ಅನ್ನಾನೇ ಕೇಳ್ತಿದ್ದಿದ್ದು. ಬಹುಶಃ ಒಂದು ತಿಂಗಳಿಂದ ಕೇಳ್ತಾನೇ ಇದ್ದ, ಅಕ್ಕ ದಿನಾ ರೈಸ್‌ಬಾತ್ ಬೇಕಂತೆ ಇದಕ್ಕೆ ಅಂತ ತಲೆ ಸವರಿ ಕಳಿಸ್ತಿದ್ರು.

ಆವತ್ತಿಂದ ನಾನು ಮಾಡಿದ್ದು ದೊಡ್ಡದೇನಲ್ಲ, ಚಿತ್ರದ ಕಾರ್ಡುಗಳ ಹಿಂದೆ ಅವರಮ್ಮ ಹೇಳಿದ್ದನ್ನ ಪೆನ್ಸಿಲಲ್ಲಿ ಕನ್ನಡದಲ್ಲೇ ಬರ್ಕೊಂಡೆ. ಮೀನು ಮಾಛ್, ಆನೆ ಹಾತಿ. ನಾನು ಛಕಾರ ತಪ್ಪು ಹೇಳಿದಾಗ ನಕ್ಬಿಟ್ಟ ಅವನು, ಮೊದಲನೇ ಸಲ. ಮಾರ್ಚ್‌ ಹೊತ್ತಿಗೆ ಕನ್ನಡದಲ್ಲಿ ಜಗಳ ಆಡೋಷ್ಟು ಬಂದಿತ್ತು, ರೊಬಸ್ಟಾ ಮುಗೀತು, ಟಿಸಿನೂ ತಗೊಳ್ದೆ ಹೊರಟೇ ಹೋದ್ರು. ಎಲ್ಲಿದ್ದಾನೋ. ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ 29ನೇ ಸೆಕ್ಷನ್‌ನಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸ್ಬೇಕು ಅಂತಿದೆ, ಎಲ್ಲಾ ತಪ್ಪಿಸ್ಕೊಳ್ಳೋದೂ ಆ "ಸಾಧ್ಯವಾದಷ್ಟು" ಅನ್ನೋ ಪದದಲ್ಲೇ. ನನ್ನ ಕೈಲಿ ಬಂಗಾಳಿ ಕಲಿಸೋಕಾಗಲ್ಲ, ಒಪ್ತೀನಿ. ಆದ್ರೆ ಕೇಳೋಕೆ ಏನಾಗಿತ್ತು? ಎರಡು ವರ್ಷ ಟ್ರೈನಿಂಗಲ್ಲಿ ನಮ್ಮನ್ನೇ ಯಾರೂ ಕೇಳಿರ್ಲಿಲ್ವಲ್ಲ, ಮನೇಲಿ ಏನ್ ಮಾತಾಡ್ತೀರ ಅಂತ, ಅದು ಕೇಳೋ ವಿಷಯ ಅನ್ನೋದೇ ತಲೇಲಿ ಇರ್ಲಿಲ್ಲ.

ಸುತ್ತಮುತ್ತಲ ಸ್ಕೂಲ್ ಟೀಚರ್‌ಗಳೆಲ್ಲ ಸೇರೋ ಹೋದ ಸಮಾಲೋಚನಾ ಸಭೆಲಿ, ಕ್ಲಸ್ಟರ್ ನೋಡ್ಕೊಳ್ಳೋ ಸಿಆರ್‌ಪಿ ಸರ್ ಸಮನ್ವಯ ಶಿಕ್ಷಣದ ಬಗ್ಗೆ ನೀವು ಅರ್ಧ ಗಂಟೆ ಮಾತಾಡಿ ಮೇಡಂ ಅಂದ್ರು. ಪಿಪಿಟಿ ಮಾಡೋಕೆ ಮನಸಾಗ್ಲಿಲ್ಲ. ಮೂಡಿಗೆರೆ ಕಡೆಯಿಂದ ಬಂದಿರೋ ತುಳು ಮಾತಾಡೋ ಸರ್ ಒಬ್ರಿದ್ದಾರೆ, ಅವ್ರಿಗೆ ಹೇಳ್ದೆ, 6 ನಿಮಿಷ ಮೈಕ್ರೋ ಟೀಚಿಂಗ್ ಮಾಡಿ, ಬರೀ ತುಳುನಲ್ಲಿ, ಕನ್ನಡ ಒಂದು ಪದಾನೂ ಬರ್ಬಾರ್ದು. ಅವರು ಚಿತ್ರ ತೋರಿಸ್ತಾ "ಉಂದು ದಾದ?" (ಇದೇನು?) ಅಂತ ಶುರು ಮಾಡಿದ್ರು. ಮೊದ್ಲು ಎಲ್ಲರಿಗೂ ಮಜಾ. ಕೋರಿ (ಕೋಳಿ), ಪುಚ್ಚೆ (ಬೆಕ್ಕು) ತನಕ ಹೆಂಗೋ ಬಂದ್ವಿ. ತಟ್ಟೆ ತುಂಬಾ ಅನ್ನ ಇರೋ ಚಿತ್ರ ತೋರಿಸಿ "ನುಪ್ಪು" ಅಂದ್ರು, 28 ವರ್ಷ ಸರ್ವಿಸ್ ಆಗಿರೋ ಹಿರಿಯ ಮೇಷ್ಟ್ರು ಜೋರಾಗಿ "ಉಪ್ಪು!" ಅಂದ್ರು. ತುಳು ಸರ್ ತಲೆ ಅಲ್ಲಾಡಿಸಿ ಮತ್ತೆ ನುಪ್ಪು ಅಂದ್ರು. ಇವರು ಮತ್ತೆ ಉಪ್ಪು. ಹುಡುಗರಂಗೆ ಎಲ್ಲಾ ನಕ್ಬಿಟ್ರು. ನಾಲ್ಕನೇ ನಿಮಿಷಕ್ಕೆ ನೋಡ್ತೀನಿ, ಮೇಷ್ಟ್ರು ತಲೆ ತಗ್ಗಿಸಿ ಡೈರಿ ಮೂಲೇಲಿ ಪೆನ್ನಲ್ಲಿ ಗೆರೆ ಎಳೀತಾ ಕೂತಿದ್ರು, ಕೊನೇ ತನಕ ಇನ್ನೊಂದು ಉತ್ತರ ಹೇಳ್ಲಿಲ್ಲ. ಟೀ ಬಂದ ಮೇಲೂ ಮುಖ ಸ್ವಲ್ಪ ಊದೇ ಇತ್ತು, ನನ್ನ ಮೇಲೆ ಕೋಪ ಇನ್ನೂ ಇದ್ಯೇನೋ ಗೊತ್ತಿಲ್ಲ.

ರಾತ್ರಿ ನನ್ನ ಗೆಳತಿಗೆ ಫೋನ್ ಮಾಡ್ದೆ, ಅವಳೀಗ ಬೇರೆ ತಾಲ್ಲೂಕಲ್ಲಿ ಹೈಸ್ಕೂಲ್ ಟೀಚರು. ಮುಂದಿನ ತಿಂಗಳು ಬಂದು ವಾಗ್ರಿಲಿ 6 ನಿಮಿಷ ಮಾಡ್ತೀಯಾ ಅಂತ ಕೇಳ್ದೆ. ಸುಮಾರು ಹೊತ್ತು ಮಾತೇ ಇಲ್ಲ, ಲೈನ್ ಕಟ್ಟಾಯ್ತು ಅನ್ಕೊಂಡೆ.

"ಬರ್ತೀನಿ ಕಣೇ" ಅಂದ್ಲು, "ಆದ್ರೆ ಈ ಸಲ ಉಚ್ಚಾರಣೆ ಕಾಲಂ ನನ್ ಕೈಲಿರ್ಬೇಕು."